ಅತ್ತೆಗೆ ಕಾಣದ ಕಟ್

ಮಾರ್ಚ್ ೧೨, ಬುಧವಾರ

ತಲೆ ಕೊರೆಯುತ್ತಿದ್ದ ಹುಳ ಇವತ್ತು ಹೊರಬಿತ್ತು! ನಾನು ಕೆಲಸ ಮಾಡುವ ಸ್ಟುಡಿಯೋ ಮಾಲೀಕರು “ವಿಡಿಯೋ ಎಡಿಟಿಂಗ್ ಕಲಿತ್ರೆ ಆ ಎಡಿಟರ್ ಕುರ್ಚಿ ನಿಂದೇ” ಎಂದಾಗಿನಿಂದ ಒಳ್ಳೆಯ ಪಾಠ ಹುಡುಕಿ ಸುಸ್ತಾಗಿದ್ದೆ. ಸಿಕ್ಕ ವಿಡಿಯೋಗಳೆಲ್ಲ ನಡುವಿನಿಂದ ಶುರುವಾಗಿ ಕುದುರೆ ಏರಿದಂತೆ ಓಡುತ್ತಿದ್ದವು.

ಇವತ್ತು ಲೈಬ್ರರಿ ಮೇಡಂ, “ಎಡಿಟಿಂಗ್ ಸಾಫ್ಟ್‌ವೇರ್ ಮಾಡಿದೋರೇ ಪಾಠ ಬಿಟ್ಟಿಯಾಗಿ ಇಟ್ಟಿದಾರಲ್ಲ, ನೋಡಿಲ್ವಾ?” ಎಂದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಿದ್ದೆ! ಅಭ್ಯಾಸಕ್ಕೆ ದೃಶ್ಯಗಳನ್ನೂ ಅವರೇ ಕೊಟ್ಟಿದ್ದಾರೆ. ಬಡಗಿಯೊಬ್ಬ ಬಾಗಿಲು ಕೂರಿಸುವ ದೃಶ್ಯವನ್ನು ತುಂಡು ತುಂಡಾಗಿ ಕತ್ತರಿಸಿ, ಜೋಡಿಸಿ, ಸಂಜೆ ಅತ್ತೆಗೆ ತೋರಿಸಿದೆ.

“ಇಷ್ಟೊತ್ತು ಕೂತು ಏನ್ ಕತ್ತರಿಸಿದ್ಯೇ? ನಂಗೆಲ್ಲೂ ಕಾಣ್ಲೇ ಇಲ್ಲ.”

“ಅಯ್ಯೋ ಅತ್ತೆ, ಕಟ್ ಕಾಣ್ಬಾರ್ದು ಅಂತಾನೇ ಪಾಠದಲ್ಲಿ ಹೇಳಿದ್ದು!” ಎಂದು ಅವರನ್ನು ಅಪ್ಪಿಕೊಂಡುಬಿಟ್ಟೆ. “ಹುಚ್ಚಿ, ಬಿಡೇ” ಎಂದರು, ನಗುತ್ತಲೇ.

ಕಣ್ಣು ಎಳೆಯುತ್ತಿದೆ. ಎರಡನೇ ಪಾಠ ಶಬ್ದದ ಬಗ್ಗೆಯಂತೆ. ಒಂದೇ ಒಂದು ನಿಮಿಷ ನೋಡಿ ಮಲಗುತ್ತೇ…