ಬಿಂಬದ ದೂರ

ತ್ಬಿಲಿಸಿ, 1983 ಫೆಬ್ರವರಿ 8
ಮತ್ತೆ ಅದೇ ಗ್ರಾಫ್. ಪಾದರಸದಿಂದ ಅಯಾನಿಗೆ ಎಲೆಕ್ಟ್ರಾನ್ ಎಷ್ಟು ಬೇಗ ದಾಟುತ್ತದೆ — ನನ್ನ ಗೈಡ್ ಲಮಾರಾ ಮೇಡಂ ಸೂತ್ರ ಹೇಳುವುದು ಒಂದು, ಪ್ರಯೋಗಾಲಯದ ವಖ್ತಾಂಗ್ ಅಳೆದು ತರುವುದು ಅದಕ್ಕಿಂತ ನಿಧಾನ. ಆರು ವರ್ಷದಿಂದ ಇದೇ ರಾಗ. ಮೇಡಂ ತೀರ್ಪೂ ಅದೇ: ಪಾದರಸ ಕೊಳಕು. ಆತ ಅದನ್ನು ಮತ್ತೆ ಬಟ್ಟಿಯಿಳಿಸಿ ಶುದ್ಧ ಮಾಡುತ್ತಾನೆ. ನನ್ನ ಥೀಸಿಸ್ಸೂ ಆ ಸೂತ್ರದ ಮೇಲೇ ನಿಂತಿದೆ. 1964ರಲ್ಲಿ ಒಬ್ಬರೇ ಕೂತು ಬರೀ ಪೆನ್ಸಿಲ್ಲಿನಲ್ಲಿ ಕಟ್ಟಿದ್ದು... ಎಂಥ ತಲೆ!

ಫೆಬ್ರವರಿ 11, ಬೆಳಗ್ಗೆ 7
ತಲೆ ಬಾಚುತ್ತಿದ್ದೆ. ಕನ್ನಡಿ ಒಂದು ಮೊಳ ದೂರ. ನನ್ನ ಬಿಂಬ? ಎರಡು ಮೊಳ. ಬಾಚಣಿಗೆ ಕೂದಲಲ್ಲೇ ನಿಂತಿತು. ಪಾದರಸದಂಥ ಲೋಹವೂ ಅಯಾನಿಗೆ ಕನ್ನಡಿಯೇ. ಮೇಡಂ ಲೆಕ್ಕದಲ್ಲಿ ಬಿಂಬದ ದೂರ ಇರಬೇಕಾದಲ್ಲಿ ಕನ್ನಡಿಯ ದೂರ ಕೂತಿದೆ.

ಸಂಜೆ 4
ದೂರ ತಿದ್ದಿ ಮೂರು ಸಲ ಲೆಕ್ಕ ಮಾಡಿದೆ. ವಖ್ತಾಂಗ್‌ನ ಚುಕ್ಕೆಗಳೆಲ್ಲ ಈಗ ಗೆರೆಯ ಮೇಲೆ. ಕುಣಿಯುವಷ್ಟು ಖುಷಿ. ಆಮೇಲೆ ನೆನಪಾಯಿತು: ಇದೇ ಸೂತ್ರದ ಮೇಲೆ ಮೇಡಂ ಬರೆದ ಪುಸ್ತಕ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. 19ಕ್ಕೆ ಅವರ ಅರವತ್ತರ ಹುಟ್ಟುಹಬ್ಬದ ಔತಣ. ಹೇಗೆ ಹೇಳಲಿ?

ಫೆಬ್ರವರಿ 16
ಹೇಳಲೆಂದೇ ಹೋದೆ. ಚಹಾ ಕೊಟ್ಟರು, ವಾಲ್‌ನಟ್ ಜಾಮ್ ಕೊಟ್ಟರು. ತಿಂದು ಬಂದೆ. ಹೇಡಿ.

ಫೆಬ್ರವರಿ 18
ಲೆಕ್ಕದ ಹಾಳೆ ಅವರ ಮೇಜಿನ ಮೇಲಿಟ್ಟು ಓಡಿ ಬಂದೆ. ದಿನವಿಡೀ ಕರೆಯಲಿಲ್ಲ.

ಫೆಬ್ರವರಿ 20
ನಿನ್ನೆ ಔತಣ. ಬಟ್ಟಲೆತ್ತಿ ಹಾರೈಸುವ ಯಜಮಾನಿಕೆ ವಖ್ತಾಂಗ್‌ನದೇ, ಮೂರನೇ ವೈನ್ ಬಟ್ಟಲು ಮೇಡಂ ಸೂತ್ರಕ್ಕೆಂದು ಎತ್ತಿದ. ಎಲ್ಲರೂ ಎದ್ದೆವು. ಮೇಡಂ ಕುಡಿಯಲಿಲ್ಲ.

"ವಖ್ತಾಂಗ್, ಆರು ವರ್ಷ ನಿನ್ನ ಪಾದರಸ ಕೊಳಕು ಅಂದೆ. ಕೊಳಕಿದ್ದಿದ್ದು ನನ್ನ ಲೆಕ್ಕ ಕಣಪ್ಪ. ತಪ್ಪಾಯ್ತು."

ವಖ್ತಾಂಗ್ ಕಣ್ಣೊರೆಸಿಕೊಂಡ. ಮೇಡಂ ತಮ್ಮ ಬಟ್ಟಲನ್ನು ನನ್ನ ಕೈಗಿತ್ತರು — ನಮ್ಮಲ್ಲಿ ಹಾಗೆ ಕೊಟ್ಟರೆ ಪಡೆದವರು ಮಾತು ಮುಂದುವರಿಸಲೇಬೇಕು.

"ಕಂಡುಹಿಡಿದಿದ್ದು ಇವಳು. ಹೇಳು ತಿನಾತಿನ್, ಒಲೆ ಹತ್ರ ಇರೋ ನಮ್ಮಕ್ಕಂಗೂ ತಿಳಿಯೋ ಹಾಗೆ ಹೇಳು."

ಏನು ಹೇಳಿದೆನೋ. ಕನ್ನಡಿ ಅಂದೆ, ಬಾಚಣಿಗೆ ಅಂದೆ. ಮೇಡಂ ಅವರಷ್ಟು ದೊಡ್ಡ ಮನಸ್ಸು ನನಗೆ ಈ ಜನ್ಮದಲ್ಲಿ ಬಾರದು.

ಫೆಬ್ರವರಿ 21, ಬೆಳಗ್ಗೆ 8
ಮೇಡಂ ನನಗಿಂತ ಮೊದಲೇ ಕೆಲಸಕ್ಕೆ ಬಂದಿದ್ದಾರೆ. ಅಚ್ಚಿನವರಿಗೆ ಫೋನ್ ಮಾಡಿ ಪುಸ್ತಕ ನಿಲ್ಲಿಸಿದರಂತೆ. ಇಪ್ಪತ್ತು ವರ್ಷದ ಲೆಕ್ಕ ಮತ್ತೆ ಮೊದಲಿಂದ. ಅವರ ಕುರ್ಚಿ ನನಗೆ ಬಿಟ್ಟು, ಸ್ಟೂಲ್ ಮೇಲೆ ಕೂತಿದ್ದಾರೆ. ಕೈಯಲ್ಲಿ ಬ್ಲೇಡು.

"ಕೂತ್ಕೋ. ನೀನು ಬರಿ, ನಾನು ಪೆನ್ಸಿಲ್ ಚೂಪು ಮಾಡಿ ಕೊಡ್ತೀನಿ."

ಮೂರು ಆಗಲೇ ಸಾಲಾಗಿ ಇಟ್ಟಿದ್ದಾರೆ. ನಾಲ್ಕನೆಯದನ್ನು ಹೆರೆಯುತ್ತಿದ್ದಾರೆ.