ಹಿಂಗು ಸ್ವಲ್ಪ ಜಾಸ್ತಿ

೧೪ ಜುಲೈ ೨೦೦೩, ಇಳಕಲ್ಲ

ನೈವೇದ್ಯ ಆಯಿತು. ದೇವರಿಗೆ ಶುದ್ಧ ಸಾರು. ಆಮೇಲೆ ಇವರ ಬಟ್ಟಲಿಗೆ ಮಾತ್ರ ನಾಲ್ಕು ಎಸಳು ಬೆಳ್ಳುಳ್ಳಿ. ಜಜ್ಜಿದ್ದು ಬಚ್ಚಲಲ್ಲಿ. ಮೇಲೆ ಹಿಂಗಿನ ಒಗ್ಗರಣೆ — ಧಾರಾಳ. ಹುಣಸೆಹಣ್ಣು ಹಚ್ಚಿ ಕೈ ತಿಕ್ಕಿದೆ. ದರಿದ್ರ ವಾಸನೆ, ಹೋಗದು.

ಅತ್ತೆ ಪಡಸಾಲೆಯಿಂದಲೇ, "ವಿಮಲಾ, ಹಿಂಗ ಭಾಳ ಆತಲ್ಲಾ?"

"ವಾಯುಕ್ಕ ಛಲೋರಿ," ಎಂದೆ. ಐವತ್ತೆರಡು ವರ್ಷದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿರಲಿಲ್ಲ.

ಗಡ್ಡೆ ಕೊಟ್ಟವಳು ಹಿಂದಿನ ಮನೆಯ ಅಂಬವ್ವ. ನೇಯುವವರ ಮನೆ. "ಎದಿಗೆ ಭಾಳ ಛಲೋರಿ ಬಾಯಾರ. ನಮ್ಮನಿಯವ್ರು ತಿಂದು ಗುಂಡಕಲ್ಲ ಆಗ್ಯಾರ." ಪೇಪರಿನಲ್ಲೂ ಬಂದಿತ್ತು. ಮಾರ್ಚಿನಲ್ಲಿ ಇವರ ಹೃದಯಕ್ಕೆ ವಾಲ್ವ್ ಹಾಕಿದ್ದಾರೆ, ರಕ್ತ ತೆಳ್ಳಗಾಗಲು ದಿನಾ ಗುಳಿಗೆ. ನನಗೆ ಹೆದರಿಕೆ. ಪಾಪ ನನಗಿರಲಿ, ಇವರು ಇರಲಿ.

೨೯ ಜುಲೈ

ಸಾರು ಎರಡು ಸಲ ಹಾಕಿಸಿಕೊಂಡರು! ಮುಖದಲ್ಲಿ ಕಳೆ ಬಂದಿದೆ. ಇವತ್ತಿನಿಂದ ಆರು ಎಸಳು.

೧೧ ಆಗಸ್ಟ್

ಹಲ್ಲುಜ್ಜುವಾಗ ರಕ್ತ. ಬ್ರಶ್ ಒರಟು ಅಂದರು. ಹೊಸದು ತಂದೆ.

೧೯ ಆಗಸ್ಟ್

ಬಾಗಲಕೋಟೆಗೆ, ತಿಂಗಳ ಟೆಸ್ಟ್. ಬೇಡವೆಂದರೂ ಅತ್ತೆ ಜೊತೆಗೆ. ಡಾಕ್ಟರ್ ರಿಪೋರ್ಟ್ ನೋಡಿ ಮುಖ ಗಂಟಿಕ್ಕಿದರು. "ರಕ್ತ ಇಷ್ಟ್ಯಾಕ ತೆಳ್ಳಗಾತು? ಮನಿ ಔಷಧ ಏನರ? ಬೆಳ್ಳುಳ್ಳಿ ಭಾಳ ತಿಂತೀರೇನು? ಈ ಗುಳಿಗಿ ಜೋಡಿ ಅದು ಬ್ಯಾಡ. ಪೆಟ್ಟಾದ್ರ ರಕ್ತ ನಿಲ್ಲೂದಿಲ್ಲ."

ಅತ್ತೆ ನಕ್ಕೇಬಿಟ್ಟರು. "ನಾವು ವೈಷ್ಣವರ್ರಿ. ನಮ್ಮ ಹೊಸ್ತಿಲಾ ದಾಟಿಲ್ಲ ಅದು."

ಡಾಕ್ಟರ್ ನನ್ನನ್ನು ನೋಡಿದರು. ಇವರೂ ನೋಡಿದರು.

ತಲೆ ಅಲ್ಲಾಡಿಸಿದೆ. ಇಲ್ಲ ಅಂತ.

ಮನೆಗೆ ಬಂದವಳೇ ಗಡ್ಡೆಯನ್ನೆಲ್ಲ ತಿಪ್ಪೆಗೆ ಎಸೆದೆ.

೨೦ ಆಗಸ್ಟ್, ಮಧ್ಯಾಹ್ನ ೩, ಬಾಗಲಕೋಟೆ ದವಾಖಾನೆ

ಬೆಳಿಗ್ಗೆ ಬಚ್ಚಲಲ್ಲಿ ಜಾರಿದರು. ಹಣೆಗೆ ಸಣ್ಣ ಪೆಟ್ಟು, ಅಷ್ಟೇ ಅಂದುಕೊಂಡೆ. ಜೀಪು ಹುನಗುಂದ ದಾಟುವಾಗ ಮಾತು ತೊದಲಿತು. ತಲೆಯೊಳಗೆ ರಕ್ತವಂತೆ.

ಡಾಕ್ಟರ್ ಮತ್ತೆ ಕೇಳಿದರು. "ಏನರ ಕೊಟ್ಟಿದ್ರ ಈಗರೇ ಹೇಳ್ರಿ. ರಕ್ತ ನಿಲ್ಲಸಾಕ ಏನ ಕೊಡಬೇಕಂತ ತಿಳೀತದ." ಅತ್ತೆ ಪಕ್ಕದಲ್ಲೇ. ಬಾಯಿ ಬರಲಿಲ್ಲ.

ಆಮೇಲೆ ನಾವಿಬ್ಬರೇ ಇದ್ದಾಗ ಇವರು ಕಣ್ಣು ತೆರೆದರು. "ಹಿಂಗಿನ ವಾಸನಿ ಯಾವುದು, ಅದ್ಯಾವುದು... ನನಗ ತಿಳಿಯೂದಿಲ್ಲೇನು? ಮೊದಲನೇ ದಿನಾನ ತಿಳೀತು."

"ಮತ್ತ ಯಾಕ ಉಂಡ್ರಿ?"

"ನೀ ನನ್ನ ಸಲುವಾಗಿ ಅದನ್ನ ಮುಟ್ಟಿದೆಲ್ಲ... ಅವ್ವನ ಮುಂದ ಹೇಳಬ್ಯಾಡ."

೨೧ ಆಗಸ್ಟ್, ಬೆಳಿಗ್ಗೆ ೯

ನಿನ್ನೆ ಸಂಜೆಯಿಂದ ಎಚ್ಚರವಿಲ್ಲ. ಒಳಗೆ ಏನೋ ಓಡಾಟ. ಅತ್ತೆ ಬೆಂಚಿನ ಮೇಲೆ, ನನ್ನ ಎಡಗೈ ಬಿಗಿಯಾಗಿ ಹಿಡಿದಿದ್ದಾರೆ.

ಬಾಯಲ್ಲಿ ಹೇಳಲಾರೆ. ಬರೆದು, ಹಾಳೆ ಹರಿದು ಕೊಡುತ್ತೇನೆ. ಅತ್ತೆ ಮನೆಯಿಂದ ಹೊರಗೆ ಹಾಕಿದರೂ ಸರಿ.

ಡಾಕ್ಟರ ಸಾಹೇಬರಿಗೆ —
ನನ್ನ ಯಜಮಾನರಾದ ಮಧುಸೂದನ ಅವರಿಗೆ (ಹೆಸರು ಬರೆಯುತ್ತಿರುವುದು ಮದುವೆಯಾದ ಮೇಲೆ ಇದೇ ಮೊದಲು) ನಾನು ದಿನಾ ನಾಲ್ಕು, ಆಮೇಲೆ ಆರು ಎಸಳು ಹಸಿ ಬೆಳ್ಳುಳ್ಳಿ, ಐದು ವಾರ, ಅವರಿಗೆ ಹೇಳದೆ... ಅಲ್ಲ, ಅವರಿಗೆ ಗೊತ್ತಿತ್ತು. ಮೊನ್ನೆ ನಿಮ್ಮ ಮುಂದೆ ನಾನು ಸುಳ್ಳು

ಬಾಗಿಲು ತೆರೆಯಿತು. ಡಾಕ್ಟರ್. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ನನ್ನ ಕಡೆ ನೋಡುತ್ತಿಲ್ಲ, ನೇರ ಅತ್ತೆಯ ಹತ್ತಿರ