ನೀರು ಕೇಳಿದವಳು

ಚಿನಕುರಳಿ
೧೪-೬-೧೯೯೬

ಪ್ರೀತಿಯ ತನು,

ಹೇಗಿದ್ದೀಯ? ಶ್ರೀರಂಗಪಟ್ಟಣದ ಕ್ಯಾಂಪಿನಿಂದ ನೀನು ಬರೆದ ಎರಡೂ ಕಾಗದ ತಲುಪಿದವು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಆಸ್ಪತ್ರೆಯಿಂದ ಬಂದ ಮೇಲೂ ಎದ್ದು ಕೂತು ಬರೆಯಲು ಆಗುತ್ತಿರಲಿಲ್ಲ. ನಮ್ಮ ಕೆಂದ ಹಸು ಕರು ಹಾಕಿದೆ. ಗಿಣ್ಣು ಕಾಯಿಸಿದ ದಿನ ಅವ್ವ ನಿನ್ನನ್ನು ನೆನೆಸಿಕೊಂಡಳು.

ಆ ದಿನದ್ದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಇಲ್ಲಿ ನನ್ನ ಮಾತು ಯಾರೂ ಕೇಳುತ್ತಿಲ್ಲ. ನಾಗಮಂಗಲದ ಆಯ್ಕೆ ಓಟ ಹತ್ತಿರ ಬಂತೆಂದು ಶಿವಶಂಕರ್ ಮೇಷ್ಟ್ರು ನಮ್ಮಿಬ್ಬರನ್ನೂ ಮಟಮಟ ಮಧ್ಯಾಹ್ನ ಸ್ಕೂಲಿನ ಮೈದಾನಕ್ಕೆ ಇಳಿಸಿದರಲ್ಲ. ಸುತ್ತು ಹೆಚ್ಚಿದಂತೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ನೀರು ಬೇಕು ಅಂದೆ.

"ಈಗ ಕುಡುದ್ರೆ ಮೈ ಭಾರ ಆಯ್ತದೆ ಕಣಮ್ಮಿ. ಮೊದ್ಲು ಓಟ ಮುಗ್ಸು," ಅಂದರು ಮೇಷ್ಟ್ರು.

ಅವರು ಹೇಳಿದ್ದನ್ನು ನಾನು ಯಾವತ್ತು ಮೀರಿದ್ದೆ? ಓಡಿದೆ. ಬೆವರು ನಿಂತೇಹೋಯಿತು. ಆ ಬಿಸಿಲಲ್ಲೂ ಚಳಿ ಹತ್ತಿತು. ಬಿದ್ದದ್ದು ನೆನಪಿಲ್ಲ.

ಆಸ್ಪತ್ರೆಯಲ್ಲಿ ಮೂತ್ರ ಕಪ್ಪಗೆ ಹೋಗುತ್ತಿತ್ತು. ಬಿಸಿಲಲ್ಲಿ ಓಡುವ ಮಕ್ಕಳು ಬಾಯಾರುವ ಮುಂಚೆಯೇ ಆಗಾಗ ಕುಡಿಯಬೇಕು, ಮೈಯಲ್ಲಿ ನೀರು ಕಡಿಮೆಯಾದರೆ ಕಾಲಿನ ಕಸುವೇ ಹೋಗುತ್ತದೆ, ವೇಗ ಎಲ್ಲಿಂದ ಬರಬೇಕು ಎಂದು ಡಾಕ್ಟರಮ್ಮ ಅವ್ವನಿಗೆ ಹೇಳಿದರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯಂತೆ. ಈ ವರ್ಷ ಓಟದ ಮಾತೇ ಇಲ್ಲ.

ಮೇಷ್ಟ್ರು ಎಳನೀರು ಹಿಡಿದು ನೋಡಲು ಬಂದಿದ್ದರು. ನನ್ನೆದುರೇ ಅಪ್ಪನಿಗೆ, "ನಿಮ್ ಮಗ್ಳು ಉಪಾಸ ಇದ್ಲು. ನೀರು ಕುಡಿ ಅಂದ್ರೂ ಕುಡೀನಿಲ್ಲ," ಅಂದರು. ಸುಳ್ಳು ಅಂದೆ. ಅಪ್ಪ ನನ್ನನ್ನೇ ಗದರಿ, ಅವರಿಗೆ ಕೈಮುಗಿದ. ಹೆಡ್ಮಾಸ್ಟರು ವಿಚಾರಿಸಿದರೆ ನಿಜ ಹೊರಗೆ ಬರುತ್ತದೆ ಅಂದುಕೊಂಡೆ.

ನೀನು ಜಿಲ್ಲಾ ತಂಡದಲ್ಲಿದ್ದೀಯ. ಚೆನ್ನಾಗಿ ಓಡು, ಗೆದ್ದು ಬಾ. ಯಾರು ಏನೇ ಹೇಳಲಿ, ನಡುನಡುವೆ ನೀರು ಕುಡಿ. ನಿನಗೆ ಒಳ್ಳೆಯದಾಗಲಿ.

ಇಂತಿ,
ಸಹನ

ಮರೆತಿದ್ದೆ: ನಿನ್ನೆ ಅಪ್ಪ ಸ್ಕೂಲಿಗೆ ಹೋಗಿದ್ದ. ನೀನು ಕ್ಯಾಂಪಿಗೆ ಹೊರಡುವ ಮೊದಲು ಹೆಡ್ಮಾಸ್ಟರು ನಿನ್ನನ್ನು ಕರೆದು ಕೇಳಿದ್ದರಂತೆ. "ಅವ್ಳು ನೀರೇ ಕೇಳ್ನಿಲ್ಲ ಸಾರ್," ಅಂದೆಯಂತೆ. ಮೇಷ್ಟ್ರು ಕೊಡದಿದ್ದಾಗ ನಾನು ಕೇಳಿದ್ದು ನಿನ್ನನ್ನು, ತನು. ನೀನು ಇಲ್ಲವೆಂದು ತಲೆಯಾಡಿಸಿ ಮುಂದೆ ಓಡಿಬಿಟ್ಟೆ. ಹೆದರಿರಬೇಕು ಪಾಪ ಎಂದು ಅದನ್ನು ಅವ್ವನಿಗೂ ಹೇಳಿರಲಿಲ್ಲ. ಈಗ ಹೇಳಿದರೆ ಯಾರು ನಂಬುತ್ತಾರೆ?